ಅಚ್ಚು ಇವಳಿಗೆ, ಬಳೆ ಅವಳಿಗೆ

ಚರ್ಚಿನ ಒಂದು ಭಾನುವಾರದ ಪೂಜೆಗೆ ಕಾಸಿನಗಲದ ಆರು ನೂರು ಪ್ರಸಾದದ ರೊಟ್ಟಿ ಬೇಕು. ಅದಕ್ಕೆ ಅರ್ಧ ಕಿಲೋ ಗೋಧಿ ಹಿಟ್ಟು ಸಾಕು, ಎರಡು ಲೋಟ ಚಹಾದ ಬೆಲೆಯೂ ಆಗುವುದಿಲ್ಲ. ನೀರು ನಲ್ಲಿಯದು, ಪುಕ್ಕಟೆ. ಉಪ್ಪು, ಸಕ್ಕರೆ, ಎಣ್ಣೆ ಯಾವುದೂ ಇಲ್ಲ, ಹುಳಿ ಬರಿಸುವ ಹಾಗಿಲ್ಲ. ಹಿಟ್ಟು, ನೀರು ಬಿಟ್ಟು ಮೂರನೆಯದೊಂದು ಸೇರಿದರೆ ಅದು ಪೂಜೆಗೆ ಸಲ್ಲದು. ಗ್ಯಾಸು ಒಂದೂವರೆ ಗಂಟೆ ಉರಿಯಬೇಕು. ಅಚ್ಚಿಗೆ ಸವರಲು ಗುಲಗಂಜಿಯಷ್ಟು ಜೇನುಮೇಣ ಬೇಕು. ಚರ್ಚಿನಿಂದ ಬರುತ್ತಿದ್ದ ಹಣ ಇಷ್ಟಕ್ಕೆ ಸರಿಹೋಗಿ, ಎರಡು ಸೋಪು ಕೊಳ್ಳುವಷ್ಟು ಮಿಗುತ್ತಿತ್ತು. ಒಬ್ಬ ಹೆಂಗಸಿನ ಬೆನ್ನಿಗೂ ಇನ್ನೊಬ್ಬಳ ಹೆಬ್ಬೆರಳಿಗೂ ಯಾರೂ ಬೆಲೆ ಕಟ್ಟಿರಲಿಲ್ಲ. ಆ ಇಬ್ಬರೂ ನಾಲ್ಕು ವರ್ಷದಿಂದ ಒಬ್ಬರಿಗೊಬ್ಬರು ಮಾತಾಡುತ್ತಿಲ್ಲ ಎನ್ನುವುದಂತೂ ಯಾವ ಲೆಕ್ಕಕ್ಕೂ ಬಂದಿರಲಿಲ್ಲ.

ಅವರು ಓರಗಿತ್ತಿಯರು. ಊರೆಲ್ಲ ಒಬ್ಬಳನ್ನು ಹಿರಿಸೊಸೆ, ಇನ್ನೊಬ್ಬಳನ್ನು ಕಿರಿಸೊಸೆ ಎನ್ನುತ್ತಿತ್ತು. ಚರ್ಚಿಗೆ ನಲವತ್ತು ವರ್ಷ ರೊಟ್ಟಿ ಮಾಡಿಕೊಟ್ಟವಳು ಅವರ ಅತ್ತೆ. ಅತ್ತೆ ತೀರಿಕೊಂಡ ಮೂರನೇ ತಿಂಗಳಿಗೆ ಮನೆ ಎರಡಾಯಿತು. ಗಂಡಂದಿರಿಬ್ಬರೂ ಬಡಗಿಗಳು, ತಾವೇ ನಿಂತು ಅಡುಗೆಮನೆಯ ನಟ್ಟನಡುವೆ ಹಲಗೆಯ ಗೋಡೆ ಎಬ್ಬಿಸಿದರು. ಸೌಟು, ಚಮಚ, ಚೊಂಬು ಎಲ್ಲ ಎಣಿಸಿ ಹಂಚಿದ್ದಾಯಿತು. ಕೊನೆಗೆ ಉಳಿದದ್ದು ಅತ್ತೆಯ ಎರಡು ಸಾಮಾನು. ಒಂದು, ರೊಟ್ಟಿ ಸುಡುವ ಅಚ್ಚು: ತೆರೆದ ಪುಸ್ತಕದಷ್ಟಗಲದ ಎರಡು ಕಬ್ಬಿಣದ ತಟ್ಟೆ, ಉದ್ದುದ್ದ ಹಿಡಿ. ನಡುವೆ ಹಿಟ್ಟಿನ ನೀರು ಸುರಿದು ಅಮುಕಿದರೆ ಕಾಗದದಂಥ ತೆಳು ಹಾಳೆ ಬರುತ್ತದೆ. ಇನ್ನೊಂದು, ಆ ಹಾಳೆಯನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸುವ ಉಕ್ಕಿನ ಉಂಗುರ, ಮೇಲೆ ಮರದ ಗುಬುಟು. ಮನೆಯಲ್ಲಿ ಅದಕ್ಕೆ ಬಳೆ ಎಂದೇ ಹೆಸರು.

ತಲೆ ನೆಟ್ಟಗಿದ್ದವರು ಎರಡನ್ನೂ ಒಬ್ಬರಿಗೇ ಕೊಡುತ್ತಿದ್ದರು. ಆದರೆ ಹಂಚಿಕೆಯ ದಿನ ಆ ಮನೆಯಲ್ಲಿ ಯಾರ ತಲೆಯೂ ನೆಟ್ಟಗಿರಲಿಲ್ಲ. ಅಚ್ಚು ಹಿರಿಸೊಸೆಗೆ ಹೋಯಿತು, ಬಳೆ ಕಿರಿಸೊಸೆಗೆ.

“ಕತ್ತರಿಸೋದೇನು ಮಹಾ ಕೆಲಸ? ಬಾಟಲಿ ಮುಚ್ಚಳದಲ್ಲೂ ಕತ್ತರಿಸಬಹುದು,” ಎಂದಳು ಹಿರಿಸೊಸೆ.

“ಸುಡೋದೇನು ಮಹಾ? ಇವರು ಮಾಡಿದ ಅಡುಗೆಯಲ್ಲಿ ಸುಡದೆ ಇರೋದು ಯಾವುದಿದೆ?” ಎಂದಳು ಕಿರಿಸೊಸೆ.

ಅದೇ ಕೊನೆಯ ಮಾತು. ಅಲ್ಲಿಂದಾಚೆ ತುಟಿ ಬಿಚ್ಚಿದ್ದಿಲ್ಲ.

ಆದರೆ ಭಾನುವಾರ ಯಾರ ಮುನಿಸಿಗೂ ಕಾಯುವುದಿಲ್ಲವಲ್ಲ. ಬಡಗಿಗಳು ಗೋಡೆ ಹಾಕುವಾಗ ಹೆಂಡತಿಯರನ್ನು ಕೇಳದೆ ತಟ್ಟೆ ದಾಟುವಷ್ಟು ಕಿಂಡಿಯೊಂದನ್ನು ಬಿಟ್ಟಿದ್ದರು. ಯಾಕೆಂದು ಕೇಳಿದ್ದಕ್ಕೆ, “ಗಾಳಿಗೆ,” ಎಂದಿದ್ದರು. ಗುರುವಾರ ಸಂಜೆ ಹಿರಿಸೊಸೆ ಹಾಳೆ ಸುಟ್ಟು, ಕತ್ತರಿಸುವಾಗ ಪುಡಿಯಾಗದಿರಲೆಂದು ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟು, ಶುಕ್ರವಾರ ಬೆಳಿಗ್ಗೆ ತಟ್ಟೆಯನ್ನು ಕಿಂಡಿಯಲ್ಲಿ ತಳ್ಳುತ್ತಿದ್ದಳು. ಆ ಕಡೆಯಿಂದ ಒಂದು ಕೈ ಬಂದು ಎಳೆದುಕೊಳ್ಳುತ್ತಿತ್ತು. ಕಿರಿಸೊಸೆ ಕಡಿಮೆ ಕೊಟ್ಟರೆಂದು ದೂರುವಳೇನೋ ಎಂದು ಹಿರಿಸೊಸೆ ಹಾಳೆಗಳನ್ನು ಎರಡು ಸಲ ಎಣಿಸುತ್ತಿದ್ದಳು. ತಿಂದುಹಾಕಿದಳೆನ್ನುವರೇನೋ ಎಂದು ಕಿರಿಸೊಸೆ ಬಿಲ್ಲೆಗಳನ್ನು ಎರಡು ಸಲ ಎಣಿಸುತ್ತಿದ್ದಳು. ನಾಲ್ಕು ವರ್ಷದಲ್ಲಿ ಒಂದೇ ಒಂದು ರೊಟ್ಟಿಯ ಲೆಕ್ಕ ಹೆಚ್ಚು ಕಡಿಮೆಯಾದದ್ದಿಲ್ಲ. ಇಷ್ಟು ಕರಾರುವಾಕ್ಕಾದ ರೊಟ್ಟಿ ಯಾವ ಚರ್ಚಿಗೂ ಸಿಕ್ಕಿರಲಾರದು.

ಏನಾದರೂ ಹೇಳಲೇಬೇಕಾಗಿ ಬಂದರೆ ಇಬ್ಬರೂ ತಂತಮ್ಮ ಗಂಡಂದಿರಿಗೆ ಹೇಳುತ್ತಿದ್ದರು. ಗಂಡ ಮನೆಯಲ್ಲಿರಬೇಕೆಂದೇನೂ ಇರಲಿಲ್ಲ.

“ರೀ, ಈ ವಾರ ಹಾಳೆ ದಪ್ಪ ಬಂದಿದೆ, ಬಳೆ ಜೋರಾಗಿ ಒತ್ತಬೇಕು ಅಂತ ಯಾರಿಗ್ರೀ ಹೇಳೋದು?” ಎಂದು ಇವಳು ಖಾಲಿ ಕುರ್ಚಿಗೆ ಕೂಗುತ್ತಿದ್ದಳು.

“ರೀ, ಒತ್ತೋದು ನಮಗೆ ಗೊತ್ತಿದೆ ಅನ್ರೀ!” ಎಂದು ಅವಳು ಗೂಟದಲ್ಲಿ ತೂಗುತ್ತಿದ್ದ ಅಂಗಿಗೆ ಕೂಗುತ್ತಿದ್ದಳು.

ಅಂಗಿಯ ಒಡೆಯನೂ ಕುರ್ಚಿಯ ಒಡೆಯನೂ ಆಗ ತಮ್ಮ ಕಾರ್ಖಾನೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಬುತ್ತಿಯಿಂದ ಉಣ್ಣುತ್ತಿರುತ್ತಿದ್ದರು. ಅವರ ನಡುವೆ ಜಗಳವಿರಲಿಲ್ಲ. ಸಂಜೆ ಬೀದಿಯ ತಿರುವಿನವರೆಗೆ ಹರಟುತ್ತ ಬಂದು, ಅಲ್ಲಿ ಒಬ್ಬ ನಿಂತು ಬೀಡಿ ಸೇದುತ್ತಿದ್ದ, ಇನ್ನೊಬ್ಬ ಮುಂದೆ ಹೋಗುತ್ತಿದ್ದ. ಮನೆಯ ಶಾಂತಿಗೆ ಒಂದು ಬೀಡಿಯ ಖರ್ಚು.

ಹೀಗಿರುವಾಗ ಚರ್ಚಿಗೆ ಹೊಸ ಪಾದ್ರಿ ಬಂದರು. ಎತ್ತರದ ಆಳು, ದಪ್ಪ ಕನ್ನಡಕ, ಎಲ್ಲವನ್ನೂ ಕಣ್ಣಾರೆ ನೋಡಬೇಕೆನ್ನುವ ಚಟ. ಗಂಟೆ ಹೊಡೆದು, ಮೇಣದಬತ್ತಿ ಹಚ್ಚಿ, ಪೀಠದ ಬಟ್ಟೆ ಮಡಿಸುವ ಗಂಟೆಯಣ್ಣ ಮೊದಲ ವಾರವೇ ಅವರ ಕಿವಿ ಕಚ್ಚಿದ್ದ: “ಪೇಟೆಯಲ್ಲಿ ರೊಟ್ಟಿ ಪ್ಯಾಕೆಟ್ಟಲ್ಲೇ ಸಿಗುತ್ತೆ ಫಾದರ್. ಮೆಷಿನ್ನಲ್ಲಿ ಮಾಡಿ, ಎಣಿಸಿ ಕಳಿಸ್ತಾರೆ.”

ಮುಂದಿನ ಭಾನುವಾರ ಮಕ್ಕಳು ಮೊದಲ ಸಲ ಪ್ರಸಾದ ಸ್ವೀಕರಿಸುವ ದಿನ, ಎಂಟು ನೂರು ರೊಟ್ಟಿ ಬೇಕು. ಪ್ಯಾಕೆಟ್ಟೋ, ಮನೆಯದೋ ಎಂದು ತೀರ್ಮಾನಿಸಲು ಪಾದ್ರಿ ಗುರುವಾರ ಸಂಜೆ ಹಿರಿಸೊಸೆಯ ಬಾಗಿಲು ತಟ್ಟಿದರು.

ಹಿರಿಸೊಸೆ ಆಗ ಒಲೆಯ ಮುಂದೆ ಇದ್ದಳು. ಒಂದು ಸೌಟು ಹಿಟ್ಟು ಸುರಿದು, ಅಚ್ಚು ಮುಚ್ಚಿ, ಹಬೆ ಸುಂಯ್ ಎಂದಾಗ ತಿರುವಿ, ಮನಸ್ಸಿನಲ್ಲೇ ಎಣಿಸಿ ತೆರೆದಳು. ಹಾಲಿನ ಬಣ್ಣದ ಹಾಳೆ ಒಡೆಯದೆ ಎದ್ದು ಬಂತು. ಪಾದ್ರಿಗೆ ಖುಷಿಯೋ ಖುಷಿ.

“ಎಷ್ಟು ಚೆನ್ನಾಗಿದೆ! ಇದನ್ನ ಕತ್ತರಿಸೋದು ಯಾರಮ್ಮ?”

ಹಿರಿಸೊಸೆ ಬಾಯಿ ತೆರೆಯದೆ ಕಿಂಡಿಯ ಕಡೆ ಗದ್ದ ತೋರಿಸಿದಳು. ಪಾದ್ರಿ ಬಗ್ಗಿ ಕಿಂಡಿಯೊಳಗೆ ತಲೆ ತೂರಿಸಿದರು. ಆ ಕಡೆ ಕಿರಿಸೊಸೆ ಅದೇ ಕಿಂಡಿಗೆ ಕಿವಿ ಆನಿಸಿ ನಿಂತಿದ್ದಳು. ಠಣ್ ಎಂದು ಸದ್ದಾಯಿತು. ಕನ್ನಡಕ ಹಿಟ್ಟಿನ ಪಾತ್ರೆಗೆ ಬಿತ್ತು.

“ಅಯ್ಯೋ, ಫಾದರ್!” ಎಂದಳು ಆ ಕಡೆಯಿಂದ ಕಿರಿಸೊಸೆ.

“ರೀ, ಕದ್ದು ಕೇಳೋರಿಗೆ ಹೀಗೇ ಆಗಬೇಕು ಅನ್ರೀ!” ಎಂದಳು ಹಿರಿಸೊಸೆ ಕುರ್ಚಿಗೆ.

“ರೀ, ಫಾದರ್ ಕನ್ನಡಕ ಬಿದ್ದ ಹಿಟ್ಟನ್ನ ಚೆಲ್ಲಬೇಕು ಅಂತ ಯಾರಿಗಾದರೂ ಹೇಳ್ರೀ!” ಎಂದಳು ಕಿರಿಸೊಸೆ ಅಂಗಿಗೆ.

ಪಾದ್ರಿ ಕನ್ನಡಕ ಒರೆಸಿಕೊಂಡು ಕುರ್ಚಿ ನೋಡಿದರು. ಕಿಂಡಿಯಲ್ಲಿ ಇಣುಕಿ ಅಂಗಿ ನೋಡಿದರು. ಅರ್ಧ ಗಂಟೆ ಕುಳಿತು ಎರಡೂ ಕಡೆಯಿಂದ ಕತೆ ಕೇಳಿದರು.

“ಅಮ್ಮ, ಒಂದು ರೊಟ್ಟಿಯಲ್ಲಿ ಪಾಲು ತಗೊಳ್ಳೋ ನಾವೆಲ್ಲ ಒಂದೇ ದೇಹ ಅಂತ ವಾರವಾರವೂ ಹೇಳ್ತೀನಿ. ಆ ರೊಟ್ಟಿ ಮಾಡೋ ನೀವಿಬ್ಬರೇ ಮಾತಾಡದೆ ಇದ್ದರೆ ನಾನು ಯಾವ ಮುಖ ಇಟ್ಟುಕೊಂಡು ಹೇಳಲಿ?”

ಹಿರಿಸೊಸೆ ಸುಲಭಕ್ಕೆ ಬಗ್ಗುವವಳಲ್ಲ. “ಅಲ್ಲ ಫಾದರ್, ಗೋಧಿ ಬೆಳೆದೋನು ಅಣ್ಣತಮ್ಮಂದಿರ ಜೊತೆ ಮಾತಾಡ್ತಾನಾ ಅಂತ ವಿಚಾರಿಸಿದ್ರಾ? ಬೀಸಿದೋನು? ಪ್ಯಾಕೆಟ್ ಮಾಡೋ ಹುಡುಗಿಯರೆಲ್ಲ ಅತ್ತೆ ಜೊತೆ ಚೆನ್ನಾಗಿದ್ದಾರಾ? ಇಲ್ಲಿರೋವಾಗ ಇದು ಬರೀ ಹಿಟ್ಟು. ದೇವರಾಗೋದು ಅಲ್ಲಿ, ಪೀಠದ ಮೇಲೆ. ಇಲ್ಲಿಯ ಜಗಳ ಅಲ್ಲಿಗೆ ಯಾಕೆ?”

ಕಿಂಡಿಯಾಚೆ ಕಿರಿಸೊಸೆ ತನಗರಿವಿಲ್ಲದೆ ‘ಹೌದಲ್ಲ’ ಎಂದು ತಲೆಯಾಡಿಸಿ, ಯಾರ ಮಾತಿಗೆ ಎಂದು ನೆನಪಾಗಿ ಥಟ್ಟನೆ ನಿಲ್ಲಿಸಿದಳು.

ಪಾದ್ರಿ ತಲೆ ಕೆರೆದುಕೊಂಡರು. “ಗೋಧಿಯೋನ ವಿಚಾರ ನನಗೆ ಗೊತ್ತಿಲ್ಲಮ್ಮ. ನಿಮ್ಮದು ಗೊತ್ತಾಗಿಬಿಟ್ಟಿದೆ. ಗೊತ್ತಾದ ಮೇಲೆ ಗೊತ್ತಿಲ್ಲದ ಹಾಗೆ ಇರೋಕೆ ನನ್ನ ಕೈಲಿ ಆಗಲ್ಲ. ಇಬ್ಬರೂ ಮಾತಾಡಿ. ಇಲ್ಲ, ಒಬ್ಬರೇ ಎಲ್ಲ ಮಾಡಿ. ಎರಡೂ ಆಗದಿದ್ದರೆ ಶನಿವಾರ ಬೆಳಿಗ್ಗೆ ಪ್ಯಾಕೆಟ್ಟಿಗೆ ಫೋನ್ ಮಾಡ್ತೀನಿ. ಆಮೇಲೆ ಯಾವಾಗಲೂ ಪ್ಯಾಕೆಟ್ಟೇ.”

“ನಾನೊಬ್ಬಳೇ ಮಾಡ್ತೀನಿ,” ಎಂದಳು ಹಿರಿಸೊಸೆ.

“ನಾನೂ ಒಬ್ಬಳೇ ಮಾಡ್ತೀನಿ,” ಎಂದಿತು ಕಿಂಡಿ.

ಪಾದ್ರಿ ಹೋದ ಮೇಲೆ ಹಿರಿಸೊಸೆ ಕೈ ಕಟ್ಟಿ ಕುಳಿತಳು. ಎರಡು ಸೋಪಿನ ಹಣ ಹೋದರೆ ಹೋಗಲಿ. ಆದರೆ ಮೂವತ್ತು ವರ್ಷದ ಹಿಂದೆ ಈ ಮನೆಗೆ ಕಾಲಿಟ್ಟಾಗ ಅವಳಿಗೆ ಓದು ಬರುತ್ತಿರಲಿಲ್ಲ, ಹಾಡು ಬರುತ್ತಿರಲಿಲ್ಲ. ಅತ್ತೆ ಕೈಗೆ ಕೊಟ್ಟದ್ದು ಈ ಅಚ್ಚೊಂದೇ. ಭಾನುವಾರ ಜನ ಸಾಲಾಗಿ ಪೀಠದತ್ತ ಹೋಗುವಾಗ, ಡಾಕ್ಟರನೂ ಮೇಷ್ಟ್ರೂ ಬಾಯಿ ತೆರೆದು ನಿಂತಾಗ, ಅದು ತನ್ನ ಒಲೆಯಿಂದ ಹೋದದ್ದು ಎಂದು ಅವಳಿಗೆ ಒಳಗೊಳಗೇ ಅನ್ನಿಸುತ್ತಿತ್ತು. ಅದೂ ಹೋದರೆ ಚರ್ಚಿನಲ್ಲಿ ಅವಳು ಎಲ್ಲರ ಹಾಗೆ ಒಂದು ಬೆಂಚು ತುಂಬಿಸುವವಳು, ಅಷ್ಟೆ.

ಶುಕ್ರವಾರ ಬೆಳಿಗ್ಗೆ ಗಂಡನನ್ನು ಕಳುಹಿಸಿ ಕದ ಹಾಕಿಕೊಂಡಳು. ಮೆದುವಾದ ಹಾಳೆಯೊಂದನ್ನು ಮಣೆಯ ಮೇಲೆ ಹಾಸಿ ಬಾಟಲಿ ಮುಚ್ಚಳ ಒತ್ತಿದಳು. ಹಾಳೆ ಜಜ್ಜಿಹೋಯಿತು. ಔಷಧಿ ಡಬ್ಬಿಯ ಮುಚ್ಚಳ ತಂದಳು. ಬಿಲ್ಲೆ ಬಂತು, ಆದರೆ ಇಲಿ ಕಡಿದ ಹಾಗಿತ್ತು. ಗಂಡನ ಪೆಟ್ಟಿಗೆಯಿಂದ ಹಲಗೆಗೆ ತೂತು ಕೊರೆಯುವ ಹಲ್ಲಿನ ಬಳೆ ತೆಗೆದು ತಿರುಗಿಸಿದಳು. ಹಾಳೆಯ ಜೊತೆ ಮಣೆಯೂ ತೂತಾಯಿತು. ಕತ್ತರಿ ಹಿಡಿದು ಒಂದೊಂದಾಗಿ ದುಂಡಗೆ ಕತ್ತರಿಸಲು ಕುಳಿತಳು. ಇಪ್ಪತ್ತು ಆಗುವಷ್ಟರಲ್ಲಿ ಹೆಬ್ಬೆರಳಿಗೆ ಬೊಬ್ಬೆ ಬಂತು, ಒಂದಕ್ಕೊಂದು ಹೋಲಿಕೆಯಿಲ್ಲ. ಒಂದು ಮೊಟ್ಟೆ, ಒಂದು ಮೂಲಂಗಿ, ಒಂದು ಗಂಟೆಯಣ್ಣನ ಮೂಗು. ಒಂಬತ್ತು ಹಾಳೆ ಹಾಳಾಗಿತ್ತು.

ಆಗ ಮೂಗಿಗೆ ಸೀದ ವಾಸನೆ ಬಡಿಯಿತು. ಅಭ್ಯಾಸಕ್ಕೆ ತನ್ನ ಒಲೆ ನೋಡಿದಳು, ಆರಿತ್ತು. ಕಿಂಡಿಯಿಂದ ಕಪ್ಪು ಹೊಗೆ ಸುರುಳಿಸುರುಳಿಯಾಗಿ ಬರುತ್ತಿತ್ತು. ಆ ಕಡೆ ಕಿರಿಸೊಸೆ ತವಾದ ಮೇಲೆ ಹಿಟ್ಟು ಸುರಿದು, ಅದರ ಮೇಲೆ ಇನ್ನೊಂದು ತವಾ ಹೊರಿಸಿ, ಅದರ ಮೇಲೆ ರುಬ್ಬುವ ಗುಂಡು ಇಟ್ಟಿದ್ದಳು. ಹಿಟ್ಟು ಅಂಚಿನಿಂದ ಹೊರಬಂದು ಉರಿಗೆ ಬಿದ್ದು ಹೊತ್ತಿಕೊಂಡಿತ್ತು. ಕೆಮ್ಮು ಕೇಳಿಸಿತು. ಮತ್ತೂ ಕೆಮ್ಮು. ಆಮೇಲೆ ಏನೋ ದಬ್ಬೆಂದು ಬಿದ್ದ ಸದ್ದು.

“ಒಲೆ ಆರಿಸೇ, ಪುಣ್ಯಾತ್ಗಿತ್ತಿ!” ಎಂದು ಹಿರಿಸೊಸೆ ಕಿಂಡಿಗೆ ಬಾಯಿಟ್ಟು ಕಿರುಚಿದಳು.

“ಯಾರಿಗೆ ಹೇಳ್ತಿರೋದು?” ಎಂದಿತು ಕೆಮ್ಮಿನ ನಡುವಿನ ದನಿ. “ಗಂಡನಿಗಾ?”

“ನಿನಗೇ ಕಣೇ! ಗುಂಡು ಕಾಲ ಮೇಲೆ ಬಿತ್ತಾ?”

“ಇಲ್ಲ. ಪಕ್ಕಕ್ಕೆ ಬಿತ್ತು.”

“ಕಿಟಕಿ ತೆಗಿ. ಬಂದೆ ಇರು.”

ಅಚ್ಚಿನ ಹಿಡಿ ಉದ್ದ, ಕಿಂಡಿಯಲ್ಲಿ ದಾಟದು. ಹಿರಿಸೊಸೆ ನಿನ್ನೆಯ ಹಾಳೆಗಳ ತಟ್ಟೆಯನ್ನು ಕಿಂಡಿಯಲ್ಲಿ ತಳ್ಳಿ, ಹಿಟ್ಟಿನ ಡಬ್ಬಿಯನ್ನು ಕಂಕುಳಲ್ಲಿ ಅವಚಿ, ಅಚ್ಚನ್ನು ಬಂದೂಕಿನಂತೆ ಹೆಗಲಿಗೇರಿಸಿ ಬೀದಿಗಿಳಿದು, ಹನ್ನೆರಡು ಹೆಜ್ಜೆ ನಡೆದು ಪಕ್ಕದ ಬಾಗಿಲು ಹೊಕ್ಕಳು. ಎದುರುಮನೆಯವರು ಹೊಡೆದಾಟವೇ ಆಗುತ್ತದೆಂದು ಕಿಟಕಿಗೆ ಬಂದರು. ಅವರ ಊಹೆ ತೀರಾ ಸುಳ್ಳೇನೂ ಆಗಲಿಲ್ಲ.

ಮಸಿ ಮೆತ್ತಿದ ಮುಖದ ಕಿರಿಸೊಸೆ ಬಾಗಿಲಲ್ಲೇ ಶುರುಮಾಡಿದಳು. “ಕತ್ತರಿಸೋದು ಮಹಾ ಕೆಲಸ ಅಲ್ಲ ಅಂದಿದ್ರಲ್ಲ, ಎಷ್ಟು ಹಾಳೆ ಕತ್ತರಿಸಿದ್ರಿ?”

“ನೀನು ಎಷ್ಟು ಸುಟ್ಟೆ? ಬೀದಿಗೆಲ್ಲ ಹೊಗೆ ಹಾಕಿದೀಯ, ಸೊಳ್ಳೆಯೊಂದೂ ಉಳಿದಿಲ್ಲ!”

ಒಬ್ಬಳು ಒಲೆಯ ಮುಂದೆ ಕುಳಿತು ಹೊಸ ಹಾಳೆ ಸುಟ್ಟು ರಾತ್ರಿ ಕತ್ತರಿಸಲೆಂದು ಒದ್ದೆ ಬಟ್ಟೆಯಲ್ಲಿಟ್ಟಳು, ಒಬ್ಬಳು ಮಣೆಯ ಮುಂದೆ ಕುಳಿತು ನಿನ್ನೆಯವನ್ನು ಕತ್ತರಿಸಿದಳು. ಕೈ ಕೆಲಸ ಮಾಡಿತು, ಬಾಯಿ ನಾಲ್ಕು ವರ್ಷದ ಬಾಕಿ ತೀರಿಸಿತು. ಚೊಂಬಿನ ವಿಷಯ ಬಂತು. ಬಟ್ಟೆ ಒಣಹಾಕುವ ಹಗ್ಗದ ವಿಷಯ ಬಂತು. ಗಂಡಂದಿರ ವಿಷಯ ಬಂದಾಗ ಮಾತ್ರ ಇಬ್ಬರೂ ಒಂದೇ ಪಕ್ಷ. ಎಲ್ಲ ಮುಗಿಯಿತು ಎನ್ನುವಾಗ ಕಿರಿಸೊಸೆ ಬಳೆ ಕೆಳಗಿಟ್ಟು ಸೆರಗಿನಲ್ಲಿ ಮೂಗೊರೆಸಿಕೊಂಡಳು.

“ಅವೆಲ್ಲ ಬಿಡಿ. ಅತ್ತೆ ಸತ್ತ ದಿನ ಬಂದವರಿಗೆಲ್ಲ ಕಾಫಿ ಕೊಟ್ರಿ. ಎದುರುಮನೆಯೋರಿಗೂ ಕೊಟ್ರಿ, ಗಂಟೆಯಣ್ಣನಿಗೆ ಎರಡು ಸಲ ಕೊಟ್ರಿ. ನನ್ನ ಮುಂದೆ ತಟ್ಟೆ ತಂದು ಹಾಗೇ ದಾಟಿಸಿಬಿಟ್ರಿ.”

ಹಿರಿಸೊಸೆ ಸೌಟನ್ನು ಹಿಟ್ಟಿನಲ್ಲೇ ಬಿಟ್ಟು ಅವಳ ಕಡೆ ತಿರುಗಿದಳು.

“ಅಯ್ಯೋ ಹುಚ್ಚಿ! ಕಾಫಿ ಕೊಟ್ಟದ್ದು ಬಂದ ಜನಕ್ಕೆ ಕಣೇ. ನೀನು ಬಂದೋಳಾ? ಮನೆಯೋಳು. ಅವತ್ತು ನಾನಾದರೂ ಎಲ್ಲಿ ಕುಡಿದೆ? ನಾವಿಬ್ಬರೂ ಆಮೇಲೆ ಕುಡಿಯೋಣ ಅಂತ ಎರಡು ಲೋಟ ಎತ್ತಿಟ್ಟಿದ್ದೆ. ನೀನು ಮುಖ ಊದಿಸಿಕೊಂಡು ಹೋಗಿ ಮಲಗಿದೆ.”

“ಹಾಗಂತ ಹೇಳಬಾರದಿತ್ತಾ, ಅಕ್ಕ?”

‘ಅಕ್ಕ’ ಎನ್ನುವುದನ್ನು ಹಿರಿಸೊಸೆ ನಾಲ್ಕು ವರ್ಷದಿಂದ ಕೇಳಿರಲಿಲ್ಲ. ಅಚ್ಚು ತಿರುವುವುದು ಮರೆತುಹೋಗಿ ಒಂದು ಹಾಳೆ ಕೆಂಪಗಾಯಿತು.

ಅಂದು ಸಂಜೆ ದೊಡ್ಡ ಬಡಗಿ ಮನೆಗೆ ಬಂದರೆ ಒಲೆ ತಣ್ಣಗಿತ್ತು, ಅಚ್ಚೂ ಇಲ್ಲ, ಹೆಂಡತಿಯೂ ಇಲ್ಲ. ಅಚ್ಚು ಸಮೇತ ತವರಿಗೆ ಹೋದಳೆಂದು ಅವನು ತಲೆಯ ಮೇಲೆ ಕೈ ಹೊತ್ತು ಕುಳಿತ. ಬೀಡಿ ಮುಗಿಸಿ ಹಿಂದಿನಿಂದ ಬಂದ ಚಿಕ್ಕ ಬಡಗಿ ತನ್ನ ಅಡುಗೆಮನೆಯಲ್ಲಿ ಇಬ್ಬರನ್ನೂ ಕಂಡು, ತಪ್ಪು ಮನೆಗೆ ಬಂದೆನೆಂದು ಹಿಂದೆ ಸರಿದ.

ಶನಿವಾರ ಬೆಳಿಗ್ಗೆ ಇಬ್ಬರೂ ಡಬ್ಬಿ ಹಿಡಿದು ಪಾದ್ರಿಯ ಮುಂದೆ ನಿಂತರು.

“ಮಾತಾಡಿದ್ವಿ ಫಾದರ್.”

“ಒಳ್ಳೇದು. ಏನು ಮಾತಾಡಿದ್ರಿ?”

“ಬೈದಾಡಿಕೊಂಡ್ವಿ.”

ಪಾದ್ರಿಯ ಕೈ ಫೋನಿನ ಮೇಲೇ ಇತ್ತು. “ಬೈದಾಡೋದು ಮಾತಾಡೋದರಲ್ಲಿ ಸೇರುತ್ತಾ?”

“ಎದುರುಬದುರು ಕೂತು ಬೈದೆ,” ಎಂದಳು ಹಿರಿಸೊಸೆ.

“ನನ್ನನ್ನ ಹುಚ್ಚಿ ಅಂದ್ರು,” ಎಂದಳು ಕಿರಿಸೊಸೆ, ಬಹುಮಾನ ಬಂದವಳ ಹಾಗೆ.

ಪಾದ್ರಿ ಒಬ್ಬಳ ಮುಖ ನೋಡಿದರು, ಇನ್ನೊಬ್ಬಳದು ನೋಡಿದರು, ಫೋನಿನಿಂದ ಕೈ ತೆಗೆದರು. ಗಂಟೆಯಣ್ಣ ಮುಖ ಕಿವುಚಿಕೊಂಡು ಡಬ್ಬಿ ಒಳಗಿಟ್ಟ. ಎಣಿಸಲಿಲ್ಲ. ಆ ಮನೆಯ ಡಬ್ಬಿಯನ್ನು ಎಣಿಸಿದವರು ಇಲ್ಲ.

ಎಡವಟ್ಟಾದದ್ದು ಅಲ್ಲೇ. ಶುಕ್ರವಾರ ಹಿರಿಸೊಸೆ ಹಾಳೆ ಎಣಿಸಿರಲಿಲ್ಲ, ಅವಳು ಬಿಲ್ಲೆ ಎಣಿಸುತ್ತಾಳಲ್ಲ ಎಂದುಕೊಂಡಳು. ಕಿರಿಸೊಸೆ ಬಿಲ್ಲೆ ಎಣಿಸಿರಲಿಲ್ಲ, ಅಕ್ಕ ಹಾಳೆ ಎಣಿಸಿರುತ್ತಾರಲ್ಲ ಎಂದುಕೊಂಡಳು. ಹಾಳಾದ ಒಂಬತ್ತು ಹಾಳೆ ಇಬ್ಬರ ನೆನಪಿಗೂ ಬರಲಿಲ್ಲ.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ಬಿಳಿ ಬಟ್ಟೆಯ ಮಕ್ಕಳು ಮೊದಲು ಹೋಗಿ ಪ್ರಸಾದ ಸ್ವೀಕರಿಸಿ, ನಾಲಿಗೆ ಅಲುಗಿಸಲೂ ಹೆದರಿ ಬಂದು ಕುಳಿತರು. ಆಮೇಲೆ ದೊಡ್ಡವರ ಸಾಲು. ಅರ್ಧ ಸಾಲು ಕಳೆಯುವಾಗ ಹಿರಿಸೊಸೆಗೆ ಪಾದ್ರಿಯ ಕೈ ಕಾಣಿಸಿತು. ಅವರು ರೊಟ್ಟಿಯನ್ನು ಎರಡಾಗಿ ಮುರಿಯುತ್ತಿದ್ದರು. ಸ್ವಲ್ಪ ಹೊತ್ತಿಗೆ ನಾಲ್ಕಾಗಿ. ಗಂಟೆಯಣ್ಣ ಪ್ರಸಾದದ ಪೆಟ್ಟಿಗೆಯ ಬೀಗದ ಕೈ ತಂದುಕೊಟ್ಟ, ಅಲ್ಲಿ ರೋಗಿಗಳಿಗೆಂದು ಇಟ್ಟಿದ್ದ ಹತ್ತಿಪ್ಪತ್ತೂ ಖರ್ಚಾದವು.

ಹಿರಿಸೊಸೆ ಮೆಲ್ಲಗೆ ಎದ್ದು ಹಿಂದಿನ ಕಂಬದ ಮರೆಗೆ ಹೋದಳು. ಅಲ್ಲಿ ಕಿರಿಸೊಸೆ ಆಗಲೇ ನಿಂತಿದ್ದಳು.

“ನೀನು ಎಣಿಸಲಿಲ್ವೇನೇ?”

“ನೀವು ಎಣಿಸಲಿಲ್ವಾ?”

ಸಾಲಿನಿಂದ ಬರುವವರು ಗೊಣಗುತ್ತಿದ್ದರು. “ಡಾಕ್ಟರಿಗೆ ಅರ್ಧ, ನನಗೆ ಕಾಲು,” ಎಂದ ಒಬ್ಬ. “ಹಿರಿಸೊಸೆ ಹಿಟ್ಟು ಉಳಿಸೋಕೆ ಶುರುಮಾಡಿದ್ದಾಳೆ,” ಎಂದಳು ಎದುರುಮನೆಯವಳು.

ಕಡೆಗೆ ಸಾಲಿಗೆ ಹೋಗದೆ ಉಳಿದವರು ಅವರಿಬ್ಬರೇ. ಹೋಗದೆ ಇದ್ದರೆ ಊರೇ ನೋಡುತ್ತದೆ, ಹೋದರೂ ಊರೇ ನೋಡುತ್ತದೆ. ಹೋದರು. ಪಾತ್ರೆಯಲ್ಲಿ ಒಂದೇ ಒಂದು ಚೂರಿತ್ತು. ಪಾದ್ರಿ ಅದನ್ನು ಎಚ್ಚರದಿಂದ ಮುರಿದರು. ಉಗುರಿನ ಅಂಚಿನಷ್ಟು ಒಂದು, ಅದಕ್ಕಿಂತ ಚಿಕ್ಕದು ಇನ್ನೊಂದು. ದೊಡ್ಡದು ಮುಂದಿದ್ದ ಕಿರಿಸೊಸೆಗೆ ಹೋಯಿತು.

“ಕ್ರಿಸ್ತರ ಶರೀರ,” ಎಂದರು ಪಾದ್ರಿ ಹಿರಿಸೊಸೆಗೆ.

ಅವಳ ಕಣ್ಣು ಇನ್ನೂ ಕಿರಿಸೊಸೆಯದೆಷ್ಟು, ತನ್ನದೆಷ್ಟು ಎಂದು ಅಳೆಯುತ್ತಿತ್ತು. ನಾಲ್ಕು ವರ್ಷದ ಚಾಳಿ.

“ಕ್ರಿಸ್ತರ ಶರೀರ,” ಎಂದರು ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ.

“ಆಮೆನ್,” ಎಂದಳು ಗಡಿಬಿಡಿಯಲ್ಲಿ.

ಚೂರು ನಾಲಿಗೆಯ ಮೇಲೆ ಬಿತ್ತು. ಯಾವ ಭಾನುವಾರವೂ ಅವಳು ಬೆಂಚಿಗೆ ಮರಳುವುದರೊಳಗೆ ಅದರ ಪರೀಕ್ಷೆ ಮುಗಿಸಿರುತ್ತಿದ್ದಳು: ದಪ್ಪ ಬಂತು, ಹೆಚ್ಚು ಬೆಂದಿತು, ತೇವ ಕಡಿಮೆಯಾಯಿತು. ಇವತ್ತು ಪರೀಕ್ಷೆಗೆ ಸಿಗುವಷ್ಟು ಇರಲೇ ಇಲ್ಲ. ಆದರೂ ಅದು ಅಲ್ಲಿತ್ತು. ತಾನು ಮಾಡಿದ್ದು ಎನ್ನುವಂಥದ್ದು ಅದರಲ್ಲಿ ಏನೂ ಉಳಿದಿರಲಿಲ್ಲ. ಅವಳು ಸುಮ್ಮನೆ ಮೊಣಕಾಲೂರಿ ತಲೆ ತಗ್ಗಿಸಿದಳು. ಪಕ್ಕದಲ್ಲಿ ಕಿರಿಸೊಸೆ ಇದ್ದಳು.

ಪೂಜೆ ಮುಗಿಸುವ ಮೊದಲು ಪಾದ್ರಿ ಮಕ್ಕಳ ಕಡೆ ತಿರುಗಿದರು. “ಇವತ್ತು ಕೆಲವರಿಗೆ ಇಡೀ ರೊಟ್ಟಿ ಸಿಕ್ಕಿತು, ಕೆಲವರಿಗೆ ಚೂರು. ಚೂರು ಸಿಕ್ಕವರಿಗೆ ಚೂರು ದೇವರು ಸಿಕ್ಕಿದರಾ?”

“ಇಲ್ಲಾ!” ಎಂದು ಮಕ್ಕಳು ಕೂಗಿದರು. “ಇಡೀ ದೇವರು!”

“ಇದನ್ನ ಇವರು ಆರು ತಿಂಗಳು ಪಾಠದಲ್ಲಿ ಕಲಿತಿದ್ದಾರೆ. ದೊಡ್ಡವರಿಗೆ ಇವತ್ತು ಅರ್ಥವಾಗಿರಬೇಕು. ಇಲ್ಲಿ ದೊಡ್ಡ ಪಾಲು, ಸಣ್ಣ ಪಾಲು ಅಂತ ಇಲ್ಲ.” ಅವರ ಕನ್ನಡಕ ಹಿಂದಿನ ಬೆಂಚುಗಳತ್ತ ಒಂದು ಕ್ಷಣ ಹೊಳೆಯಿತು.

ಪೂಜೆಯ ಬಳಿಕ ಇಬ್ಬರೂ ತಲೆ ತಗ್ಗಿಸಿ ಪಾದ್ರಿಯ ಕೋಣೆಗೆ ಹೋದರು. ಹಿರಿಸೊಸೆಯೇ ಬಾಯಿಬಿಟ್ಟಳು. “ಪ್ಯಾಕೆಟ್ ತರಿಸಿಬಿಡಿ ಫಾದರ್. ನಮ್ಮ ಲೆಕ್ಕ ತಪ್ಪಿತು. ಮಾತು ಬಿಟ್ಟಿದ್ದಾಗ ಒಂದು ದಿನವೂ ತಪ್ಪಿರಲಿಲ್ಲ.”

“ಪ್ಯಾಕೆಟ್ಟಾದರೆ ಎಣಿಸಿಯೇ ಬರುತ್ತೆ,” ಎಂದ ಗಂಟೆಯಣ್ಣ, ಬಾಯಿಗೆ ಸಕ್ಕರೆ ಬಿದ್ದವನಂತೆ.

ಪಾದ್ರಿ ಮೇಲಂಗಿ ಮಡಿಸುತ್ತಾ ಹೇಳಿದರು: “ಇವರು ಮಾಡಲಿ, ನೀನು ಎಣಿಸು.”

ಒಟ್ಟು ಲೆಕ್ಕ ಹೀಗಾಯಿತು. ಹಿರಿಸೊಸೆ ಕಳಕೊಂಡದ್ದು, ಲೆಕ್ಕ ತಪ್ಪದವಳು ಎನ್ನುವ ಹೆಸರು. ಅದು ಮತ್ತೆ ಬರಲಿಲ್ಲ, ವಾರಕ್ಕೆ ಹತ್ತೋ ಹನ್ನೆರಡೋ ಹೆಚ್ಚು ಕಡಿಮೆಯಾಗುತ್ತಲೇ ಇತ್ತು. ಗಂಟೆಯಣ್ಣ ಕಳಕೊಂಡದ್ದು ಶನಿವಾರದ ಮಧ್ಯಾಹ್ನದ ನಿದ್ದೆ. ಉಳಿದದ್ದು ರೊಟ್ಟಿಯ ಕೆಲಸ. ಸಿಕ್ಕಿದ್ದು, ಗುರುವಾರಗುರುವಾರ ಮುಂಬಾಗಿಲಿನಿಂದ ಬಂದು, ಒಲೆಯ ಪಕ್ಕ ಕುಳಿತು, “ಅಕ್ಕ, ಇದು ಸ್ವಲ್ಪ ಹೆಚ್ಚೇ ಬೆಂದಿದೆ,” ಎಂದು ತಪ್ಪು ಹುಡುಕುವ ಒಬ್ಬ ಓರಗಿತ್ತಿ.